ತವರು ಮತ್ತು ಬಳಗ: ಕೊಕ್ಕರೆ ಬೆಳ್ಳೂರಿನ ಪಕ್ಷಿಸಂರಕ್ಷಣೆಯ ಜಾನಪದ ನೆಲೆಗಳು

ಪೀಠಿಕೆ

ಜಾನಪದವೆಂದರೆ ಹಾಡು, ಕತೆ, ಗಾದೆ, ಒಗಟುಗಳ ಸಂಗ್ರಹ ಮಾತ್ರವಲ್ಲ. ಜನಸಮುದಾಯವೊಂದು ತನ್ನ ಸುತ್ತಲಿನ ನೆಲ, ನೀರು, ಮರ, ಹಕ್ಕಿಗಳೊಡನೆ ಇಟ್ಟುಕೊಂಡು ಬಂದ ಕೊಡುಕೊಳೆಯ ಕ್ರಮವೂ ಜಾನಪದವೇ ಎಂಬ ತಿಳಿವಳಿಕೆ ಇಂದು ಬಲಗೊಂಡಿದೆ. ಇಂತಹ ಕ್ರಮಗಳು ಬರಹದಲ್ಲಿ ದಾಖಲಾಗಿರುವುದು ಕಡಿಮೆ. ಅವು ಊರಿನ ನಡವಳಿಕೆಯಲ್ಲಿ, ನಂಟಸ್ತಿಕೆಯ ಮಾತುಗಳಲ್ಲಿ, ಯಾವುದನ್ನು ಮಾಡಬಾರದು ಎಂಬ ಕಟ್ಟುಪಾಡುಗಳಲ್ಲಿ ಉಳಿದುಕೊಂಡು ಬಂದಿವೆ. ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರು ಈ ದೃಷ್ಟಿಯಿಂದ ವಿಶೇಷ ಅಧ್ಯಯನಕ್ಕೆ ಅರ್ಹವಾದ ಗ್ರಾಮವಾಗಿದೆ. ಇಲ್ಲಿ ಹೆಜ್ಜಾರ್ಲೆ ಮತ್ತು ಬಣ್ಣದ ಕೊಕ್ಕರೆಗಳು ಕಾಡಿನಲ್ಲಾಗಲಿ ನಡುಗಡ್ಡೆಯಲ್ಲಾಗಲಿ ಗೂಡು ಕಟ್ಟುವುದಿಲ್ಲ. ಮನೆಯ ಹಿತ್ತಿಲಿನ, ಬೀದಿಯ ಅಂಚಿನ ಹುಣಸೆ, ಆಲ, ಅರಳಿ ಮರಗಳಲ್ಲಿ ಮರಿ ಮಾಡುತ್ತವೆ.

ಈ ಹಕ್ಕಿಗಳ ರಕ್ಷಣೆಯಲ್ಲಿ 1994ರಿಂದ ತೊಡಗಿಕೊಂಡಿರುವ ಗ್ರಾಮದ ಸ್ವಯಂಸೇವಕರ ಗುಂಪಿನ ಹೆಸರು ‘ಹೆಜ್ಜಾರ್ಲೆ ಬಳಗ’. ಸಂಘ, ಸಮಿತಿ, ವೇದಿಕೆ ಎಂಬ ಬಳಕೆಯ ಹೆಸರುಗಳಿದ್ದರೂ ಈ ಗುಂಪು ‘ಬಳಗ’ ಎಂಬ ಪದವನ್ನು ಆರಿಸಿಕೊಂಡಿರುವುದು ಗಮನಾರ್ಹ. ಬಳಗವೆಂದರೆ ಸದಸ್ಯತ್ವದಿಂದ ಕೂಡಿದವರ ಕೂಟ ಎನ್ನುವುದಕ್ಕಿಂತ ನೆಂಟರಿಷ್ಟರ ಸಮೂಹವೆಂಬ ಅರ್ಥವೇ ನಮ್ಮ ಹಳ್ಳಿಗಳಲ್ಲಿ ಮೊದಲಿನದು. ಹಕ್ಕಿಗೆ ನೆಂಟರಾಗುವುದೆಂದರೇನು, ಆ ನೆಂಟಸ್ತಿಕೆ ಯಾರಿಂದ ಏನನ್ನು ಕೇಳುತ್ತದೆ, ಅದರ ವೆಚ್ಚವನ್ನು ಯಾರು ಹೊರುತ್ತಾರೆ ಎಂಬ ಪ್ರಶ್ನೆಗಳನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಶಿಂಷಾ ಬಯಲು

ತುಮಕೂರು ಜಿಲ್ಲೆಯ ದೇವರಾಯನದುರ್ಗದ ಬೆಟ್ಟಗಳಲ್ಲಿ ಹುಟ್ಟುವ ಶಿಂಷಾ ನದಿ ಕುಣಿಗಲ್ ಸೀಮೆಯ ಮಾರ್ಕೋನಹಳ್ಳಿ ಜಲಾಶಯವನ್ನು ದಾಟಿ, ಮದ್ದೂರು ಮತ್ತು ಮಳವಳ್ಳಿ ತಾಲ್ಲೂಕುಗಳ ಮೂಲಕ ಹರಿದು ಕಾವೇರಿಯನ್ನು ಸೇರುತ್ತದೆ. ಕದಂಬ ನದಿಯೆಂಬ ಇನ್ನೊಂದು ಹೆಸರೂ ಇದಕ್ಕಿದೆ. ನದಿಯ ಇಕ್ಕೆಲದ ಬಯಲಿನಲ್ಲಿ ಹಳೆಯ ಕೆರೆಗಳು ಹಲವು. ತೈಲೂರು ಕೆರೆ, ಮದ್ದೂರು ಕೆರೆ, ಸೂಳೆಕೆರೆ ಮುಂತಾದವು ಒಕ್ಕಲುತನಕ್ಕೆ ನೀರೊದಗಿಸಿದಂತೆಯೇ ನೀರುಹಕ್ಕಿಗಳಿಗೆ ಮೀನನ್ನೂ ಒದಗಿಸಿಕೊಂಡು ಬಂದಿವೆ. ಬೆಳ್ಳೂರಿನ ಮರಗಳಲ್ಲಿ ಗೂಡು ಕಟ್ಟುವ ಹಕ್ಕಿಗಳ ಬದುಕು ಆ ಊರಿನ ಎಲ್ಲೆಯೊಳಗೆ ಮುಗಿಯುವುದಿಲ್ಲ. ಮರ ಬೆಳ್ಳೂರಿನದಾದರೆ ಮೇವು ಇಡೀ ಬಯಲಿನದು.

ಇದೇ ತಾಲ್ಲೂಕಿನಲ್ಲಿ, ಇದೇ ನದಿಯ ದಡದಲ್ಲಿರುವ ವೈದ್ಯನಾಥಪುರವನ್ನೂ ಇಲ್ಲಿ ನೆನೆಯುವುದು ಉಚಿತ. ಅಲ್ಲಿನ ವೈದ್ಯನಾಥೇಶ್ವರನು ರೋಗ ಕಳೆಯುವ ದೈವವೆಂಬ ನಂಬಿಕೆ ಅವನ ಹೆಸರಿನಲ್ಲಿಯೇ ಅಡಗಿದೆ. ಇಂತಹ ಕ್ಷೇತ್ರಗಳಲ್ಲಿ ಭಕ್ತರು ಹರಕೆ ಹೊತ್ತು ಸಲ್ಲಿಸುವ ದೈಹಿಕ ಶ್ರಮಕ್ಕೆ ‘ಸೇವೆ’ ಎಂದು ಹೆಸರು. ಕೂಲಿಯನ್ನು ಬಯಸದೆ, ಆದರೆ ಪಡೆದುದಕ್ಕೆ ಅಥವಾ ಪಡೆಯಬೇಕಾದುದಕ್ಕೆ ಪ್ರತಿಯಾಗಿ ದುಡಿಯುವ ಕ್ರಮವಿದು. ಇಂದಿನ ‘ಸ್ವಯಂಸೇವೆ’ ಎಂಬ ಪದದ ಬೇರು ಇಲ್ಲಿದೆಯೆಂದು ಮೇಲುನೋಟಕ್ಕೆ ತೋರುತ್ತದೆ. ಆದರೆ ಬೆಳ್ಳೂರಿನ ಕೆಲಸವನ್ನು ಸೇವೆಯೆಂಬ ಒಂದೇ ಪದದಿಂದ ವಿವರಿಸಲಾಗದು.

ಹಳೆಯ ಮೈಸೂರು ಸೀಮೆಯ ಹಳ್ಳಿಗಳಲ್ಲಿ ಕೂಲಿಯಿಲ್ಲದ ದುಡಿಮೆಗೆ ಮೂರು ಮುಖ್ಯ ರೂಪಗಳಿದ್ದವು. ಮೊದಲನೆಯದು ದೇವರಿಗೆ ಸಲ್ಲುವ ಸೇವೆ. ಎರಡನೆಯದು ಮುಯ್ಯಾಳು: ಇಂದು ನನ್ನ ಹೊಲಕ್ಕೆ ನೀನು, ನಾಳೆ ನಿನ್ನ ಹೊಲಕ್ಕೆ ನಾನು ಎಂಬ ಲೆಕ್ಕಾಚಾರದ ಸಮಾನರ ಒಪ್ಪಂದ. ಮೂರನೆಯದು ಬಿಟ್ಟಿ: ಬಲ್ಲಿದನು ಬಡವನಿಂದ ಬಲವಂತವಾಗಿ ಪಡೆಯುತ್ತಿದ್ದ ಚಾಕರಿ. ಈ ಮೂರರಲ್ಲಿಯೂ ಎಣಿಕೆಗೆ ಬಾರದೆ ಉಳಿದ ನಾಲ್ಕನೆಯ ದುಡಿಮೆಯೊಂದಿದೆ. ಅದು ಮನೆಯೊಳಗಿನ ಆರೈಕೆ, ಅದರಲ್ಲಿಯೂ ತವರಿನಲ್ಲಿ ನಡೆಯುವ ಬಾಣಂತನ. ಅದನ್ನು ಯಾರೂ ಸೇವೆಯೆಂದು ಕರೆಯುವುದಿಲ್ಲ, ಮುಯ್ಯಿಯೆಂದು ಲೆಕ್ಕವಿಡುವುದಿಲ್ಲ. ಬೆಳ್ಳೂರಿನ ಪಕ್ಷಿಸಂರಕ್ಷಣೆಯ ಪರಿಭಾಷೆ ಈ ನಾಲ್ಕನೆಯ ನೆಲೆಯಿಂದ ಬಂದಿರುವುದೇ ಅದರ ವೈಶಿಷ್ಟ್ಯ.

ಊರು ಮತ್ತು ಹಕ್ಕಿ

ಬೆಂಗಳೂರು-ಮೈಸೂರು ಹಳೆಯ ಹೆದ್ದಾರಿಯಲ್ಲಿ ಚನ್ನಪಟ್ಟಣವನ್ನು ದಾಟಿ ರುದ್ರಾಕ್ಷಿಪುರದ ಬಳಿ ತಿರುಗಿ ಸುಮಾರು 12 ಕಿಲೋಮೀಟರ್ ಸಾಗಿದರೆ ಕೊಕ್ಕರೆ ಬೆಳ್ಳೂರು ಸಿಗುತ್ತದೆ. ನಾಗಮಂಗಲ ತಾಲ್ಲೂಕಿನಲ್ಲಿಯೂ ಬೆಳ್ಳೂರೆಂಬ ಊರಿರುವುದರಿಂದ ಈ ಊರನ್ನು ಹಕ್ಕಿಯ ಹೆಸರಿನಿಂದ ಗುರುತಿಸುವುದು ಅನುಕೂಲವೂ ಆಗಿದೆ. ಊರಿನ ಹೆಸರಿಗೆ ಹಕ್ಕಿಯ ಹೆಸರು ಅಂಟಿಕೊಳ್ಳಬೇಕಾದರೆ ಅವೆರಡರ ಒಡನಾಟ ನೆರೆಹೊರೆಯ ಹಳ್ಳಿಗಳಿಗೆ ಎದ್ದುಕಾಣುವಷ್ಟು ಸ್ಥಿರವಾಗಿರಬೇಕು.

ಇಲ್ಲಿ ಗೂಡು ಕಟ್ಟುವ ಹಕ್ಕಿಗಳಲ್ಲಿ ಮುಖ್ಯವಾದವು ಎರಡು. ಹೆಜ್ಜಾರ್ಲೆಯು ನಾಲ್ಕರಿಂದ ಆರು ಕಿಲೋಗ್ರಾಂ ತೂಗುವ, ಕೊಕ್ಕಿನ ಕೆಳಗೆ ಚರ್ಮದ ಚೀಲವುಳ್ಳ, ಮೇಲ್ಗೊಕ್ಕಿನ ಅಂಚಿನಲ್ಲಿ ಚುಕ್ಕೆಗಳ ಸಾಲಿರುವ ದೊಡ್ಡ ನೀರುಹಕ್ಕಿ. ಇದರ ನೆಲೆ ದಕ್ಷಿಣ ಮತ್ತು ಆಗ್ನೇಯ ಏಷ್ಯಾದ ಕೆಲವೇ ಭಾಗಗಳಿಗೆ ಸೀಮಿತ. ಬಣ್ಣದ ಕೊಕ್ಕರೆಗೆ ಉದ್ದನೆಯ ಹಳದಿ ಕೊಕ್ಕು, ಬಾಲದ ಬುಡದಲ್ಲಿ ನಸುಗೆಂಪು ಗರಿ. ಮಳೆಗಾಲ ಮುಗಿದು ಕೆರೆಗಳು ತುಂಬಿರುವ ಹೊತ್ತಿಗೆ ಹೆಜ್ಜಾರ್ಲೆಗಳು ಬರತೊಡಗುತ್ತವೆ. ಬಣ್ಣದ ಕೊಕ್ಕರೆಗಳು ಸಂಕ್ರಾಂತಿಯ ಆಸುಪಾಸಿನಲ್ಲಿ ಸೇರಿಕೊಳ್ಳುತ್ತವೆ. ಮೊಟ್ಟೆಯೊಡೆಯಲು ಸುಮಾರು ಒಂದು ತಿಂಗಳು, ಮರಿಗಳು ರೆಕ್ಕೆ ಬಲಿತು ಹಾರಲು ಅನಂತರ ಮತ್ತೆ ಕೆಲವು ತಿಂಗಳು ಬೇಕು. ಮುಂದಿನ ಮುಂಗಾರು ಹಿಡಿಯುವ ಹೊತ್ತಿಗೆ ಮರಗಳು ಬರಿದಾಗುತ್ತವೆ. ಹೀಗೆ ವರ್ಷದ ಅರ್ಧಕ್ಕೂ ಮಿಕ್ಕಿದ ಕಾಲ ಊರಿನ ನೆತ್ತಿಯ ಮೇಲೆ ಇನ್ನೊಂದು ಊರು ನೆಲೆಸಿರುತ್ತದೆ.

ಹತ್ತೊಂಬತ್ತನೆಯ ಶತಮಾನದ ಪಕ್ಷಿಶಾಸ್ತ್ರಜ್ಞ ಟಿ. ಸಿ. ಜರ್ಡನ್ ತನ್ನ ಭಾರತೀಯ ಪಕ್ಷಿಗಳ ಗ್ರಂಥದಲ್ಲಿ, ಕರ್ನಾಟಿಕ್ ಪ್ರಾಂತದ ಹಳ್ಳಿಯೊಂದರ ನಡುವೆ, ಜನರ ಓಡಾಟವನ್ನು ಲೆಕ್ಕಿಸದೆ ಗೂಡು ಕಟ್ಟಿದ್ದ ಹೆಜ್ಜಾರ್ಲೆಗಳನ್ನು ವಿವರಿಸಿದ್ದಾನೆ. ಅದು ಬೆಳ್ಳೂರೇ ಎಂದು ಹೇಳುವವರಿದ್ದರೂ ಆತನು ಊರನ್ನು ಹೆಸರಿಸಿಲ್ಲವಾದ್ದರಿಂದ ಅದನ್ನು ಊಹೆಯೆಂದೇ ಪರಿಗಣಿಸಬೇಕು. ದಕ್ಷಿಣ ಭಾರತದ ಹಳ್ಳಿಗಳಲ್ಲಿ ಇಂತಹ ಒಡನಾಟ ಹಳೆಯದೆಂಬುದಕ್ಕೆ ಮಾತ್ರ ಅದು ಸಾಕ್ಷಿ. ಬೆಳ್ಳೂರನ್ನು ಆಧುನಿಕ ಪಕ್ಷಿಶಾಸ್ತ್ರದ ಗಮನಕ್ಕೆ ತಂದ ಶ್ರೇಯಸ್ಸು ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳ ಅವರಿಗೆ ಸಲ್ಲುತ್ತದೆ. ಅವರು 1976ರಲ್ಲಿ ಈ ನೆಲೆಯನ್ನು ಗುರುತಿಸಿ, ಅದರ ಬಗೆಗಿನ ಬರಹವನ್ನು ಮುಂಬಯಿಯ ನಿಸರ್ಗ ಇತಿಹಾಸ ಸಂಘದ ಪತ್ರಿಕೆಯಲ್ಲಿ ಪ್ರಕಟಿಸಿದರು. ಶೋಧವೆಂಬ ಮಾತು ಇಲ್ಲಿ ಶಾಸ್ತ್ರಕ್ಕೆ ಅನ್ವಯಿಸುತ್ತದೆ. ಊರಿನವರಿಗೆ ಹಕ್ಕಿಗಳು ಎಂದೂ ಅಪರಿಚಿತವಾಗಿರಲಿಲ್ಲ.

ಊರಿನ ಮೌಖಿಕ ಪರಂಪರೆಯಲ್ಲಿ ಒಂದು ವಲಸೆಯ ಕಥನವಿದೆ. ಹಿಂದೆ ಊರು ಶಿಂಷೆಯ ದಡಕ್ಕೆ ಇನ್ನೂ ಹತ್ತಿರವಿತ್ತು. ಇಪ್ಪತ್ತನೆಯ ಶತಮಾನದ ಆರಂಭದ ದಶಕಗಳಲ್ಲಿ ಪ್ಲೇಗು ಬಂದಾಗ ಜನ ಆ ಜಾಗವನ್ನು ತೊರೆದು ಈಗಿರುವಲ್ಲಿಗೆ ಬಂದರು. ಹಕ್ಕಿಗಳೂ ಅವರ ಹಿಂದೆಯೇ ಬಂದವು. ಪ್ಲೇಗು ಮೈಸೂರು ಸಂಸ್ಥಾನವನ್ನು 1898ರಲ್ಲಿ ಪ್ರವೇಶಿಸಿದ ಮೇಲೆ ಹೀಗೆ ಸ್ಥಳಾಂತರಗೊಂಡ ಹಳ್ಳಿಗಳು ಹಲವು. ಅವುಗಳ ಹಾಳೂರುಗಳು ಇಂದಿಗೂ ಹೊಲಗಳ ನಡುವೆ ಕಾಣಸಿಗುತ್ತವೆ. ಬಿಟ್ಟುಬಂದ ಊರಿನ ಕತೆಗಳಲ್ಲಿ ಸಾಮಾನ್ಯವಾಗಿ ಜನರೊಡನೆ ಬರುವುದು ಊರದೇವತೆ. ಆಕೆಯ ಕಲ್ಲನ್ನೋ ಕರಗವನ್ನೋ ಹೊತ್ತು ತರುತ್ತಾರೆ. ಬೆಳ್ಳೂರಿನ ಕಥನದಲ್ಲಿ ಆ ಸ್ಥಾನ ಹಕ್ಕಿಗೆ ಸಂದಿದೆ. ಅವುಗಳನ್ನು ಯಾರೂ ಹೊತ್ತು ತರಲಿಲ್ಲ, ತಾವಾಗಿಯೇ ಬಂದವು. ಹಕ್ಕಿ ನೆಲಕ್ಕಲ್ಲ, ಜನಕ್ಕೆ ಅಂಟಿಕೊಂಡಿದೆ ಎಂಬುದು ಈ ಕಥನದ ತಿರುಳು.

ಈ ಮಾತಿಗೆ ನಿಸರ್ಗದ ನೆಲೆಯಲ್ಲಿಯೂ ಅರ್ಥವಿದೆ. ಮನುಷ್ಯರ ಓಡಾಟವಿರುವಲ್ಲಿ ಹದ್ದು, ಕಾಡುಬೆಕ್ಕುಗಳಂತಹ ಶತ್ರುಗಳ ಕಾಟ ಕಡಿಮೆ. ಕಲ್ಲು ಹೊಡೆಯದ, ಗೂಡಿಗೆ ಕೈಹಾಕದ ಜನರಿರುವ ಊರು ಹಕ್ಕಿಗೆ ಕಾಡಿಗಿಂತ ಸುರಕ್ಷಿತವಾಗಬಲ್ಲದು. ರಾಜ್ಯದ ಗಡಿಗೆ ಸಮೀಪದ ಆಂಧ್ರಪ್ರದೇಶದ ವೀರಾಪುರದಲ್ಲಿಯೂ ಬಣ್ಣದ ಕೊಕ್ಕರೆಗಳು ಊರೊಳಗಿನ ಮರಗಳಲ್ಲಿ ಗೂಡು ಕಟ್ಟುತ್ತವೆ. ತಮಿಳುನಾಡಿನ ವೇಡಂತಾಂಗಲ್‌ನಲ್ಲಿ ಹದಿನೆಂಟನೆಯ ಶತಮಾನದ ಕೊನೆಯ ವೇಳೆಗೆ, ಸಿಪಾಯಿಗಳು ಹಕ್ಕಿಗಳಿಗೆ ಗುಂಡು ಹೊಡೆದುದನ್ನು ಪ್ರತಿಭಟಿಸಿದ ರೈತರು ಕಲೆಕ್ಟರ್ ಲಯೋನೆಲ್ ಪ್ಲೇಸ್‌ನಿಂದ ರಕ್ಷಣೆಯ ಸನ್ನದನ್ನೇ ಪಡೆದರು. ಹಕ್ಕಿಯ ಹಿಕ್ಕೆ ಬೆರೆತ ಕೆರೆಯ ನೀರು ಬೆಳೆಗೆ ಒಳ್ಳೆಯದೆಂಬ ಅರಿವು ಆ ಪ್ರತಿಭಟನೆಯ ಹಿಂದಿತ್ತು.

ತವರಿನ ರೂಪಕ

ಬೆಳ್ಳೂರನ್ನು ಕುರಿತ ಬರಹಗಳಲ್ಲಿ ಮತ್ತೆ ಮತ್ತೆ ಕಾಣಸಿಗುವ ಒಂದು ಮಾತಿದೆ. ಮರಿ ಮಾಡಲು ಬರುವ ಹಕ್ಕಿಗಳು ಹೆರಿಗೆಗೆಂದು ತವರಿಗೆ ಬರುವ ಹೆಣ್ಣುಮಕ್ಕಳಿದ್ದಂತೆ ಎಂಬುದೇ ಆ ಮಾತು. ಇದನ್ನು ಕೇವಲ ಭಾವುಕ ಹೋಲಿಕೆಯೆಂದು ಬಿಡಲಾಗದು. ತವರು ಎಂಬುದು ನಮ್ಮ ಜನಪದ ಲೋಕದಲ್ಲಿ ಹಕ್ಕು ಬಾಧ್ಯತೆಗಳ ಒಂದು ಸ್ಪಷ್ಟ ವ್ಯವಸ್ಥೆ.

ತವರಿನ ಮಗಳಿಗೆ ಆಸ್ತಿಯ ಪಾಲು ಬಹುಕಾಲ ಇರಲಿಲ್ಲ. ಆದರೆ ಬರುವ ಹಕ್ಕು ಇತ್ತು. ಚೊಚ್ಚಲ ಹೆರಿಗೆಗೆ ಆಕೆಯನ್ನು ಕರೆತರುವುದು ತಂದೆತಾಯಿಯರ, ಅವರ ನಂತರ ಅಣ್ಣತಮ್ಮಂದಿರ ಕರ್ತವ್ಯ. ಬಂದವಳನ್ನು ಯಾವಾಗ ಹೋಗುವೆಯೆಂದು ಕೇಳಬಾರದು. ಬಾಣಂತಿಯ ಮುಂದೆ ಗದ್ದಲ ಮಾಡಬಾರದು, ಆಕೆಯ ಮನಸ್ಸನ್ನು ನೋಯಿಸಬಾರದು. ಹೊರಡುವಾಗ ಬರಿಗೈಯಲ್ಲಿ ಕಳುಹಿಸಬಾರದು. ಮಡಿಲಕ್ಕಿ ತುಂಬಿ ಕಳುಹಿಸಬೇಕು. ಬೆಳ್ಳೂರಿನ ನಡವಳಿಕೆಯನ್ನು ಈ ಕಟ್ಟುಪಾಡುಗಳೊಡನೆ ಹೋಲಿಸಿದರೆ ಸಾಮ್ಯ ಎದ್ದು ಕಾಣುತ್ತದೆ. ಗೂಡಿರುವ ಕಾಲದಲ್ಲಿ ಮರ ಕಡಿಯುವಂತಿಲ್ಲ, ಕೊಂಬೆ ಸವರುವಂತಿಲ್ಲ, ಹಕ್ಕಿಗೆ ಕಲ್ಲೆಸೆಯುವಂತಿಲ್ಲ. ಹಕ್ಕಿಗಳು ಬಂದರೆ ಊರಿಗೆ ಒಳಿತು, ಮಳೆಬೆಳೆ ಚೆನ್ನ, ಬಾರದಿದ್ದರೆ ಕೇಡು ಎಂಬ ನಂಬಿಕೆಯೂ ಇದರ ಜೊತೆಗಿದೆ. ಕೆರೆ ತುಂಬಿದ ವರ್ಷ ಹಕ್ಕಿಗಳು ಹೆಚ್ಚಾಗಿ ಬರುವುದು ಸಹಜವಾದ್ದರಿಂದ ಈ ನಂಬಿಕೆ ಅನುಭವದಿಂದ ದೂರವಾದುದಲ್ಲ.

ತವರು ಕೊಡುವುದಷ್ಟೇ ಅಲ್ಲ, ಪಡೆಯುವುದೂ ಉಂಟು. ಬೆಳ್ಳೂರಿನಲ್ಲಿ ಹಕ್ಕಿಯ ಕೊಡುಗೆ ಅದರ ಹಿಕ್ಕೆ. ಗೂಡಿನ ಮರಗಳ ಕೆಳಗೆ ಗುಂಡಿ ತೋಡಿ, ಕೆರೆಯ ಗೋಡುಮಣ್ಣನ್ನು ತಂದು ಹರಡುವ ರೂಢಿ ಇಲ್ಲಿ ಬೆಳೆದುಬಂದಿತು. ತಿಂಗಳುಗಟ್ಟಲೆ ಅದರ ಮೇಲೆ ಬಿದ್ದ ಹಿಕ್ಕೆ ಮಣ್ಣಿನೊಡನೆ ಬೆರೆತು ಗೊಬ್ಬರವಾಗುತ್ತದೆ. ಮೀನು ತಿನ್ನುವ ಹಕ್ಕಿಯ ಹಿಕ್ಕೆಯಲ್ಲಿ ಸಾರಜನಕ ಮತ್ತು ರಂಜಕದ ಅಂಶ ಹೆಚ್ಚು. ಕೆರೆಯಲ್ಲಿದ್ದ ಸತ್ವ ಮೀನಿನ ಮೂಲಕ ಹಕ್ಕಿಗೆ, ಹಕ್ಕಿಯ ಮೂಲಕ ಹೊಲಕ್ಕೆ ಮರಳುವ ಈ ಚಕ್ರವನ್ನು ರೈತನು ರಸಾಯನಶಾಸ್ತ್ರದ ನೆರವಿಲ್ಲದೆ ಅರಿತಿದ್ದನು. ರಾಸಾಯನಿಕ ಗೊಬ್ಬರ ಸುಲಭವಾಗಿ ಸಿಗತೊಡಗಿದ ಮೇಲೆ ಈ ಕೊಡುಗೆಯ ಬೆಲೆ ಇಳಿಯಿತು ಎಂಬುದನ್ನೂ ಗಮನಿಸಬೇಕು. ಕೊಡುಕೊಳೆಯ ಒಂದು ಕೈ ಸಡಿಲಗೊಂಡಾಗ ಇನ್ನೊಂದು ಕೈಯ ಮೇಲೆ ಹೊರೆ ಹೆಚ್ಚುತ್ತದೆ.

ಜನಪದರ ತವರಿನ ಹಾಡುಗಳು ತಾಯಿಯ ಪ್ರೀತಿಯನ್ನಷ್ಟೇ ಹಾಡುವುದಿಲ್ಲ. ತಾಯಿ ಇಲ್ಲದ ತವರು, ಅತ್ತಿಗೆಯ ಬಿರುನುಡಿ, ಬಡತನಕ್ಕೆ ಬಿದ್ದ ಅಣ್ಣನ ಮನೆ ಇವೂ ಅಲ್ಲಿನ ಮುಖ್ಯ ಆಶಯಗಳು. ತವರು ಎಂಬುದು ಭಾವನೆಯಾಗಿರುವಂತೆಯೇ ಒಂದು ಮನೆಯೂ ಹೌದು. ಆ ಮನೆಗೆ ಅಕ್ಕಿ, ತುಪ್ಪ, ಸೌದೆ, ದುಡಿಯುವ ಕೈಗಳು ಬೇಕು ಎಂಬ ಎಚ್ಚರ ಆ ಹಾಡುಗಳಲ್ಲಿದೆ. ಬೆಳ್ಳೂರಿನ ಸಂದರ್ಭದಲ್ಲಿ ಈ ಎಚ್ಚರವನ್ನು ಮರೆಯುವಂತಿಲ್ಲ.

ಬಳಗದ ಹುಟ್ಟು ಮತ್ತು ಕೆಲಸ

ಕೆ. ಮನು ಅವರ ಮುಂದಾಳತ್ವದ ‘ಮೈಸೂರು ಅಮೆಚೂರ್ ನ್ಯಾಚುರಲಿಸ್ಟ್ಸ್’ ಎಂಬ ನಿಸರ್ಗಾಸಕ್ತರ ಸಂಸ್ಥೆ 1990ರ ದಶಕದಲ್ಲಿ ಬೆಳ್ಳೂರಿನಲ್ಲಿ ಕೆಲಸ ಆರಂಭಿಸಿತು. ಅದರ ಒತ್ತಾಸೆಯಿಂದ ಊರಿನ ಯುವಕರು 1994ರಲ್ಲಿ ಹೆಜ್ಜಾರ್ಲೆ ಬಳಗವನ್ನು ಕಟ್ಟಿಕೊಂಡರು. ಪಟ್ಟಣದ ಸಂಸ್ಥೆಯೊಂದು ಹಳ್ಳಿಗೆ ಬಂದು ಅರಿವು ಮೂಡಿಸಿತು ಎಂಬ ಸರಳ ವಿವರಣೆ ಇಲ್ಲಿ ಸಾಲದು. ಅರಿವು ಊರಿನಲ್ಲಿಯೇ ಇತ್ತು. ಬಿಡಿಬಿಡಿಯಾಗಿ ಒಂದೊಂದು ಮನೆ ಹೊರುತ್ತಿದ್ದ ಹೊರೆಯನ್ನು ಸಾಮೂಹಿಕ ಜವಾಬ್ದಾರಿಯಾಗಿ ಮಾರ್ಪಡಿಸುವ ಸಂಘಟನೆ ಇರಲಿಲ್ಲ. ಬಳಗ ತುಂಬಿದ್ದು ಈ ಕೊರತೆಯನ್ನು.

ಬಳಗದ ಕೆಲಸಗಳಲ್ಲಿ ಅತ್ಯಂತ ವಿಶಿಷ್ಟವಾದುದು ಗೂಡಿನಿಂದ ಬಿದ್ದ ಮರಿಗಳ ಆರೈಕೆ. ಹೆಜ್ಜಾರ್ಲೆಯ ಗೂಡು ಕಡ್ಡಿಗಳನ್ನು ಪೇರಿಸಿದ ಒಂದು ಅಟ್ಟಣೆ ಮಾತ್ರ. ಒಂದೇ ಮರದಲ್ಲಿ ಹತ್ತಾರು ಗೂಡುಗಳಿರುವುದರಿಂದ ಗಾಳಿ ಬೀಸಿದಾಗ, ಮರಿಗಳು ಮೇವಿಗಾಗಿ ಕಿತ್ತಾಡಿದಾಗ, ಕೊಂಬೆ ಮುರಿದಾಗ ಮರಿಗಳು ಕೆಳಗೆ ಬೀಳುತ್ತವೆ. ನೆಲಕ್ಕೆ ಬಿದ್ದ ಮರಿಗೆ ತಾಯಿಹಕ್ಕಿ ಮೇವುಣಿಸುವುದಿಲ್ಲ. ನಾಯಿಗಳ ಪಾಲಾಗುವುದು ಅಥವಾ ಹಸಿವಿನಿಂದ ಸಾಯುವುದು ಅದರ ಗತಿ. ಅಂತಹ ಮರಿಗಳನ್ನು ಎತ್ತಿ ತಂದು, ಬೇಲಿ ಹಾಕಿದ ಆವರಣದಲ್ಲಿ ಇರಿಸಿ, ಮೀನು ತಿನ್ನಿಸಿ, ಗಾಯಗೊಂಡಿದ್ದರೆ ಚಿಕಿತ್ಸೆ ಕೊಡಿಸಿ, ರೆಕ್ಕೆ ಬಲಿತ ಮೇಲೆ ಬಿಟ್ಟುಬಿಡುವುದು ಬಳಗದ ಕ್ರಮ.

ಕೇಳಲು ಸರಳವಾದ ಈ ಕೆಲಸ ಮಾಡಲು ಸರಳವಲ್ಲ. ಹೆಜ್ಜಾರ್ಲೆಯ ಮರಿ ಬೆಳೆದಂತೆಲ್ಲ ಅದರ ಹಸಿವೂ ಬೆಳೆಯುತ್ತದೆ. ಮೀನನ್ನು ಪ್ರತಿದಿನ ತರಬೇಕು, ಅದು ತಾಜಾ ಆಗಿರಬೇಕು. ಮರಿಗಳು ಹೆಚ್ಚಾಗಿ ಬೀಳುವುದು ಬೇಸಗೆಯಲ್ಲಿ. ಕೆರೆಗಳಲ್ಲಿ ನೀರು ಇಂಗಿ ಮೀನಿಗೆ ಅಭಾವ ಬರುವುದೂ ಅದೇ ಕಾಲದಲ್ಲಿ. ಹಬ್ಬವಾಗಲಿ, ಸುಗ್ಗಿಯಾಗಲಿ, ಮದುವೆಯಾಗಲಿ ಮರಿಯ ಹೊಟ್ಟೆ ಕಾಯುವುದಿಲ್ಲ. ಮುಯ್ಯಾಳಿನಂತೆ ಸರದಿ ಕಾದು ಮಾಡುವ ದುಡಿಮೆಯಿದಲ್ಲ. ಹರಕೆಯ ಸೇವೆಯಂತೆ ಒಂದು ದಿನಕ್ಕೆ ಮುಗಿಯುವುದೂ ಇಲ್ಲ. ಹೊತ್ತುಹೊತ್ತಿಗೆ ಉಣಿಸಿ, ಮೈ ಬಲಿತ ಮೇಲೆ ಬೀಳ್ಕೊಡುವ ಈ ಕ್ರಮ ರೂಪದಲ್ಲಿಯೂ ಲಯದಲ್ಲಿಯೂ ಬಾಣಂತನವೇ. ವ್ಯತ್ಯಾಸವೆಂದರೆ ಮನೆಯೊಳಗೆ ಹೆಂಗಸರು ಮಾಡಿಕೊಂಡು ಬಂದ ಆರೈಕೆಯನ್ನು ಇಲ್ಲಿ ಊರಿನ ಯುವಕರು ಬಯಲಿನಲ್ಲಿ ಮಾಡುತ್ತಾರೆ.

ಮರಿಗಳ ಆರೈಕೆಯ ಜೊತೆಗೆ ಗೂಡುಗಳ ಎಣಿಕೆ, ಗೂಡಿನ ಮರಗಳ ಮೇಲೆ ನಿಗಾ, ಸಸಿ ನೆಡುವುದು, ನೋಡಲು ಬಂದವರಿಗೆ ವಿವರಿಸುವುದು, ಶಾಲಾ ಮಕ್ಕಳಲ್ಲಿ ಆಸಕ್ತಿ ಬೆಳೆಸುವುದು ಮುಂತಾದ ಕೆಲಸಗಳೂ ಬಳಗದ ವ್ಯಾಪ್ತಿಗೆ ಸೇರಿದವು. ಎಣಿಕೆಯೆಂಬುದು ವಿಜ್ಞಾನದ ಶಿಸ್ತು. ಆದರೆ ಯಾವ ಮರದಲ್ಲಿ ಯಾವ ವರ್ಷ ಹಕ್ಕಿ ಕೂತಿತ್ತು, ಯಾವ ಮರವನ್ನು ಏಕೆ ಬಿಟ್ಟುಹೋಯಿತು ಎಂಬುದು ಊರಿನ ನೆನಪಿನಲ್ಲಿಯೇ ಇರುವ ಜ್ಞಾನ. ಸ್ವಯಂಸೇವಕರು ಇವೆರಡನ್ನೂ ಬಲ್ಲವರಾದ್ದರಿಂದ ಬಳಗವು ಎರಡು ಜ್ಞಾನಪರಂಪರೆಗಳ ನಡುವಿನ ಸೇತುವೆಯಾಯಿತು ಎನ್ನಬಹುದು.

ಈ ಸೇತುವೆಯ ಮಹತ್ವ ಸಂಕಟದ ಸಮಯದಲ್ಲಿ ಸ್ಪಷ್ಟವಾಯಿತು. 2017ರ ಕೊನೆಯಿಂದ 2018ರ ಮೊದಲ ತಿಂಗಳುಗಳವರೆಗೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳು ಒಂದರ ಹಿಂದೊಂದರಂತೆ ಸತ್ತವು. ಪರೀಕ್ಷೆಗಳಲ್ಲಿ ಕಂಡುಬಂದದ್ದು ಮೀನಿನ ಮೂಲಕ ಹಕ್ಕಿಯ ದೇಹವನ್ನು ಸೇರುವ ಜಂತುಹುಳು. ಹಕ್ಕಿ ಊರೊಳಗೆ ಬಿದ್ದು ಸಾಯುವುದರಿಂದ ಸಾವು ಕೂಡಲೇ ಗಮನಕ್ಕೆ ಬಂದಿತು. ದೂರದ ನಡುಗಡ್ಡೆಯಲ್ಲಾಗಿದ್ದರೆ ಹಾಗೆ ಬರುತ್ತಿರಲಿಲ್ಲ. ಆದರೆ ಕಾಯಿಲೆಯ ಮೂಲ ಊರಿನಲ್ಲಿರಲಿಲ್ಲ, ಹಕ್ಕಿಗಳು ಮೇಯುವ ನೀರಿನಲ್ಲಿತ್ತು. ತವರಿನ ಅಂಗಳವನ್ನು ಎಷ್ಟೇ ಚೊಕ್ಕಟವಾಗಿಟ್ಟರೂ ಅಡುಗೆಯ ನೀರು ಕೆಟ್ಟಿದ್ದರೆ ಬಾಣಂತಿಯನ್ನು ಕಾಪಾಡಲಾಗದು ಎಂಬ ಪಾಠವನ್ನು ಆ ವರ್ಷ ಕಲಿಸಿತು.

ಕಾನೂನು ಮತ್ತು ಕಟ್ಟುಪಾಡು

ಮಂಡ್ಯ ಜಿಲ್ಲೆಯಲ್ಲಿ ಸಂರಕ್ಷಿತ ನೆಲೆಗಳಿಗೆ ಕೊರತೆಯಿಲ್ಲ. ಶ್ರೀರಂಗಪಟ್ಟಣದ ಬಳಿಯ ರಂಗನತಿಟ್ಟು ಸಾಲಿಂ ಅಲಿಯವರ ಸಲಹೆಯ ಮೇರೆಗೆ 1940ರಲ್ಲಿಯೇ ಪಕ್ಷಿಧಾಮವಾಯಿತು. ಮೇಲುಕೋಟೆಯ ವನ್ಯಧಾಮ, ಆದಿಚುಂಚನಗಿರಿಯ ನವಿಲುಧಾಮ ಅನಂತರ ಬಂದವು. ಇವೆಲ್ಲವುಗಳಲ್ಲಿ ಹಕ್ಕಿಗೊಂದು ಜಾಗ, ಮನುಷ್ಯರಿಗೊಂದು ಜಾಗ ಎಂಬ ವಿಭಜನೆಯೇ ರಕ್ಷಣೆಯ ಆಧಾರ. ಬೆಳ್ಳೂರಿಗೆ ಈ ಮಾದರಿ ಹೊಂದುವಂತಿರಲಿಲ್ಲ. ಗೂಡಿನ ಮರಗಳು ಖಾಸಗಿ ಹಿತ್ತಿಲುಗಳಲ್ಲಿದ್ದವು. ಊರನ್ನು ತೆರವು ಮಾಡಿದರೆ ಹಕ್ಕಿಗಳು ಅರಸಿಕೊಂಡು ಬಂದುದನ್ನೇ ತೆರವು ಮಾಡಿದಂತಾಗುತ್ತಿತ್ತು.

ವನ್ಯಜೀವಿ ಸಂರಕ್ಷಣಾ ಅಧಿನಿಯಮ, 1972ಕ್ಕೆ 2002ರಲ್ಲಿ ಅಂಗೀಕಾರಗೊಂಡು 2003ರಲ್ಲಿ ಜಾರಿಗೆ ಬಂದ ತಿದ್ದುಪಡಿಯು ‘ಸಮುದಾಯ ಮೀಸಲು’ ಎಂಬ ಹೊಸ ವರ್ಗವನ್ನು ಸೃಷ್ಟಿಸಿತು. ಸಮುದಾಯವಾಗಲಿ ವ್ಯಕ್ತಿಯಾಗಲಿ ವನ್ಯಜೀವಿಗಳ ರಕ್ಷಣೆಗೆ ಸ್ವಯಂಪ್ರೇರಣೆಯಿಂದ ಮುಂದೆ ಬಂದಿರುವ ಖಾಸಗಿ ಅಥವಾ ಸಮುದಾಯದ ಜಮೀನನ್ನು ಹೀಗೆ ಘೋಷಿಸಬಹುದೆಂಬುದು 36ಸಿ ಪ್ರಕರಣದ ಸಾರ. ಜನರ ಸ್ವಯಂಪ್ರೇರಣೆಯನ್ನೇ ಕಾನೂನು ತನ್ನ ಪೂರ್ವಷರತ್ತಾಗಿ ಮಾಡಿಕೊಂಡದ್ದು ಇಲ್ಲಿನ ಹೊಸತನ. ಅದರಂತೆ 2007ರಲ್ಲಿ ಸುಮಾರು 3.12 ಚದರ ಕಿಲೋಮೀಟರ್ ವ್ಯಾಪ್ತಿಯ ಕೊಕ್ಕರೆ ಬೆಳ್ಳೂರು ಸಮುದಾಯ ಮೀಸಲು ಪ್ರದೇಶವೆಂದು ಘೋಷಿತವಾಯಿತು.

ಮಾನ್ಯತೆಯೊಡನೆ ನಿರ್ಬಂಧವೂ ಬಂದಿತು. ಘೋಷಣೆಯ ನಂತರ ಅಲ್ಲಿನ ಭೂಬಳಕೆಯ ರೀತಿಯನ್ನು ಬದಲಾಯಿಸಬೇಕಾದರೆ ನಿರ್ವಹಣಾ ಸಮಿತಿಯ ನಿರ್ಣಯ ಮತ್ತು ರಾಜ್ಯ ಸರ್ಕಾರದ ಅನುಮೋದನೆ ಎರಡೂ ಅಗತ್ಯ. 2002ರ ತಿದ್ದುಪಡಿಯಂತೆ ಸಮಿತಿಯಲ್ಲಿ ಗ್ರಾಮ ಪಂಚಾಯಿತಿ ಸೂಚಿಸಿದ ಐವರು ಮತ್ತು ಅರಣ್ಯ ಇಲಾಖೆಯ ಒಬ್ಬ ಪ್ರತಿನಿಧಿ ಇರಬೇಕಿತ್ತು. ಮರವಿರುವ ಜಮೀನಿನ ಒಡೆಯನಿಗೆ, ಒಡೆಯನೆಂಬ ಕಾರಣಕ್ಕೆ, ಅದರಲ್ಲಿ ಸ್ಥಾನವಿರಲಿಲ್ಲ. 2022ರ ತಿದ್ದುಪಡಿಯು ಖಾಸಗಿ ಜಮೀನಿನಲ್ಲಿ ಘೋಷಿತವಾದ ಮೀಸಲಿನ ಸಮಿತಿಯಲ್ಲಿ ಜಮೀನಿನ ಒಡೆಯನೂ ಇರಬೇಕೆಂದು ಹೇಳಿತು. ಎರಡು ದಶಕಗಳ ನಂತರವಾದರೂ ಕಾನೂನು ಮರದ ಕೆಳಗೆ ವಾಸಿಸುವವನನ್ನು ಗುರುತಿಸಿದ್ದು ಮಹತ್ವದ ಸಂಗತಿ.

ವೆಚ್ಚದ ಪ್ರಶ್ನೆ

ಹುಣಸೆ ಮರ ಮದ್ದೂರು ಸೀಮೆಯ ರೈತನಿಗೆ ಒಂದು ಆಸ್ತಿ. ಬೆಳೆ ಕೈಕೊಟ್ಟ ವರ್ಷವೂ ಅದು ಕೈಬಿಡುವುದಿಲ್ಲ. ಹುಣಸೆಹಣ್ಣು ಉದುರಿಸುವ ಕಾಲವೂ ಹಕ್ಕಿಗಳು ಗೂಡಿನಲ್ಲಿ ಮರಿಯೊಡನೆ ಇರುವ ಕಾಲವೂ ಒಂದೇ. ಕೊಂಬೆ ಬಡಿದರೆ ಗೂಡು ಬೀಳುತ್ತದೆ. ಬಡಿಯದಿದ್ದರೆ ಫಸಲು ಕೈತಪ್ಪುತ್ತದೆ. ಹಿಕ್ಕೆಯಿಂದ ಎಲೆ, ಹೂ, ಕಾಯಿಗಳೂ ಕೆಡುತ್ತವೆ. ಅಂಗಳಕ್ಕೆ ಕೊಳೆತ ಮೀನಿನ ನಾತ, ಮಾಡಿನ ಮೇಲೆ ಹಿಕ್ಕೆಯ ಬಿಳುಪು, ರಾತ್ರಿಯೆಲ್ಲ ಮರಿಗಳ ಗದ್ದಲ ಇವನ್ನು ನೋಡಲು ಬಂದವರು ಒಂದು ಗಂಟೆ ಸಹಿಸಿದರೆ ಸಾಕು. ಮನೆಯವರು ಆರು ತಿಂಗಳು ಸಹಿಸಬೇಕು. ಗೂಡಿನ ಮರಗಳ ಒಡೆಯರಿಗೆ ಅರಣ್ಯ ಇಲಾಖೆ ಪರಿಹಾರಧನ ಕೊಡುವ ವ್ಯವಸ್ಥೆ ಹುಟ್ಟಿಕೊಂಡದ್ದು ಈ ಹಿನ್ನೆಲೆಯಲ್ಲಿ.

ಪರಿಹಾರಧನದ ಅಗತ್ಯವನ್ನು ಪರಂಪರೆಯ ಸೋಲೆಂದು ಭಾವಿಸುವವರಿದ್ದಾರೆ. ಹಕ್ಕಿಯನ್ನು ಮಗಳೆಂದವರು ಹಣ ಕೇಳಬಹುದೇ ಎಂಬ ಆಕ್ಷೇಪ ಅವರದು. ತವರಿನ ವ್ಯವಸ್ಥೆಯನ್ನು ಅರ್ಥಮಾಡಿಕೊಳ್ಳದ ಆಕ್ಷೇಪವಿದು. ಹಳ್ಳಿಯಲ್ಲಿ ಬಡವನ ಮನೆಗೆ ಮಗಳು ಹೆರಿಗೆಗೆ ಬಂದರೆ ದಾಯಾದಿಗಳು, ನೆರೆಯವರು ತುಪ್ಪ, ಬೆಲ್ಲ, ಕೊಬ್ಬರಿ ತಂದುಕೊಡುವ ರೂಢಿಯುಂಟು. ಅದರಿಂದ ತವರಿನ ಮಾನ ಹೋಗುವುದಿಲ್ಲ. ಬಳಗದ ಮಾನ ಉಳಿಯುತ್ತದೆ. ಹಕ್ಕಿ ನಾಡಿನದೆಂದು ಹೆಮ್ಮೆಪಡುವ ನಾಡು ಅದರ ಬಾಣಂತನದ ವೆಚ್ಚದಲ್ಲಿ ಪಾಲು ಹೊರುವುದು ಇದೇ ನ್ಯಾಯದ ವಿಸ್ತರಣೆ. ಹಾಗೆ ಪಾಲು ಹೊರದೆ, ಊರಿನವರ ಮುಗ್ಧ ಪ್ರೀತಿಯನ್ನಷ್ಟೇ ಕೊಂಡಾಡುವುದು ಒಂದು ಬಗೆಯ ಬಿಟ್ಟಿ ಚಾಕರಿಯನ್ನು ಪಡೆದಂತೆಯೇ ಸರಿ.

ಮರದ ಪ್ರಶ್ನೆಗೆ ಕಾಲದ ಆಯಾಮವೂ ಇದೆ. ಗೂಡು ತಾಳುವಷ್ಟು ಹರಡಿದ ಹುಣಸೆ ಅಥವಾ ಆಲ ಒಂದು ತಲೆಮಾರಿನಲ್ಲಿ ಬೆಳೆಯುವುದಿಲ್ಲ. ಇಂದಿನ ಹಕ್ಕಿಗಳು ಕೂರುವುದು ಅಜ್ಜಂದಿರು ನೆಟ್ಟ ಮರಗಳಲ್ಲಿ. ಮನೆಗಳು ಪಾಲಾಗಿ, ಹಿತ್ತಿಲುಗಳು ಹೋಳಾಗಿ, ತಾರಸಿ ಮನೆಗಳು ಏಳುವಾಗ ಮೊದಲು ಜಾಗ ಬಿಡಬೇಕಾಗುವುದು ಮರವೇ. ಬಳಗದವರು ಸಸಿ ನೆಡುವುದಕ್ಕೆ ಮಹತ್ವ ಕೊಟ್ಟಿರುವುದು ಈ ಕಾರಣದಿಂದ. ಅದರ ಫಲವನ್ನು ನೆಟ್ಟವರು ಕಾಣುವುದಕ್ಕಿಂತ ಅವರ ಮೊಮ್ಮಕ್ಕಳು ಕಾಣುವ ಸಂಭವವೇ ಹೆಚ್ಚು. ನೀರಿನ ಪ್ರಶ್ನೆ ಇನ್ನೂ ವಿಸ್ತಾರವಾದುದು. ಕೆರೆಯ ಹೂಳು, ಒತ್ತುವರಿ, ಮೀನು ಹಿಡಿಯುವ ಗುತ್ತಿಗೆ, ಹೊಲಗಳಿಂದ ಹರಿದು ಬರುವ ಕೀಟನಾಶಕ, ಹಕ್ಕಿಯ ಹಾದಿಗೆ ಅಡ್ಡವಾದ ವಿದ್ಯುತ್ ತಂತಿ ಇವು ಬೆಳ್ಳೂರಿನ ಸ್ವಯಂಸೇವಕರ ಕೈಗೆ ಎಟಕುವ ಸಂಗತಿಗಳಲ್ಲ. 3.12 ಚದರ ಕಿಲೋಮೀಟರಿನ ಮೀಸಲು ಗೂಡನ್ನು ಕಾಯಬಲ್ಲದು, ಮೇವನ್ನು ಕಾಯಲಾರದು. ಮದ್ದೂರು, ವೈದ್ಯನಾಥಪುರ, ತೈಲೂರು ಮೊದಲಾದ ಶಿಂಷಾ ಬಯಲಿನ ಊರುಗಳೂ ಕೆರೆ ನದಿಗಳ ಮಟ್ಟಿಗೆ ಈ ಬಳಗದೊಳಗೆ ಸೇರಬೇಕಾಗುತ್ತದೆ. ನೆಂಟಸ್ತಿಕೆಗೆ ಊರಿನ ಎಲ್ಲೆಯಿಲ್ಲವೆಂಬುದು ಜನಪದರಿಗೆ ತಿಳಿಯದ ವಿಷಯವೇನಲ್ಲ.

ಸಮಾರೋಪ

ಕೊಕ್ಕರೆ ಬೆಳ್ಳೂರಿನ ನಿದರ್ಶನದಿಂದ ಕೆಲವು ಅಂಶಗಳು ಸ್ಪಷ್ಟವಾಗುತ್ತವೆ. ಮೊದಲನೆಯದಾಗಿ, ಇಲ್ಲಿನ ಪಕ್ಷಿಸಂರಕ್ಷಣೆಯ ಬೇರು ತವರೆಂಬ ಕೌಟುಂಬಿಕ ಬಾಧ್ಯತೆಯಲ್ಲಿದೆ; ಸೇವೆ, ಮುಯ್ಯಿಗಳಿಗಿಂತ ಅದು ಭಿನ್ನ. ಎರಡನೆಯದಾಗಿ, ಹಿಕ್ಕೆಗೊಬ್ಬರದಂತಹ ಪ್ರತಿಫಲ ಆ ಬಾಧ್ಯತೆಯನ್ನು ಆರ್ಥಿಕವಾಗಿ ಸಾಧ್ಯವಾಗಿಸಿತ್ತು. ಪ್ರತಿಫಲ ಕುಗ್ಗಿದ ಕಾಲದಲ್ಲಿ ಬಾಧ್ಯತೆಯನ್ನು ಉಳಿಸಿಕೊಳ್ಳಲು ಹೆಜ್ಜಾರ್ಲೆ ಬಳಗದಂತಹ ಸಂಘಟನೆ ಅಗತ್ಯವಾಯಿತು. ಮೂರನೆಯದಾಗಿ, 2007ರ ಘೋಷಣೆ ಈ ಪರಂಪರೆಗೆ ಕಾನೂನಿನ ಆಸರೆ ಕೊಟ್ಟಿತೇ ಹೊರತು ಅದರ ವೆಚ್ಚವನ್ನು ಹಂಚಿಕೊಳ್ಳುವ ಪ್ರಶ್ನೆಯನ್ನು ಪೂರ್ಣವಾಗಿ ಬಗೆಹರಿಸಲಿಲ್ಲ.

ಜಾನಪದ ವಿದ್ವಾಂಸರ ಮುಂದಿರುವ ಕೆಲಸವೂ ಇದರಿಂದ ನಿರ್ದಿಷ್ಟವಾಗುತ್ತದೆ. ಹಕ್ಕಿಯನ್ನು ಮಗಳೆನ್ನುವ ಮಾತನ್ನು ಸಂಗ್ರಹಿಸಿದರೆ ಸಾಲದು. ಆ ಮಾತು ಯಾವ ಮನೆಯಲ್ಲಿ, ಯಾವ ಮರದ ಕೆಳಗೆ, ಎಷ್ಟು ಹೊರೆಯನ್ನು ಹೊತ್ತುಕೊಂಡು ಆಡಲ್ಪಡುತ್ತಿದೆ ಎಂಬುದನ್ನೂ ದಾಖಲಿಸಬೇಕು. ಹಿತ್ತಿಲಿನ ಹುಣಸೆಯನ್ನು ಕಡಿಯುವುದೋ ಬಿಡುವುದೋ ಎಂದು ಒಂದು ಕುಟುಂಬ ತೀರ್ಮಾನಿಸುವ ಹೊತ್ತಿನಲ್ಲಿ ಪರಂಪರೆ ನಿಜವಾಗಿ ಪರೀಕ್ಷೆಗೊಳಗಾಗುತ್ತದೆ. ಆ ಹೊತ್ತಿನಲ್ಲಿ ಆ ಕುಟುಂಬ ಒಂಟಿಯಾಗಿರದಂತೆ ನೋಡಿಕೊಳ್ಳುವುದೇ ಬಳಗವೆಂಬ ಪದದ ಅರ್ಥ.